ನೆರೆದ ಮೇಲೆ, ಲಗ್ನದ ಮೊದಲು: ರಾಯಚೂರು ಸೀಮೆಯಲ್ಲಿ ಹರೆಯದ ಚರಿತ್ರೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ, ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದ, ಇಂದಿನ ರಾಯಚೂರು ಸೀಮೆಯಲ್ಲಿ ಹದಿಹರೆಯದವರ ಪ್ರೀತಿಯ ಪ್ರಸ್ತಾಪ ಬಂದಾಗಲೆಲ್ಲ ಹಿರಿಯರಿಂದ ಕೇಳಿಬರುವುದು 'ನಮ್ಮ ಕಾಲಕ್ಕ ಇವೆಲ್ಲ ಇರಲಿಲ್ಲ' ಎಂಬ ಮಾತು. ಇದನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಹುಡುಗಿ ಮೈನೆರೆದ ದಿನದಿಂದ ಲಗ್ನದ ದಿನದವರೆಗಿನ ಅವಧಿ, ಅಂದರೆ ಇಂದು ಹದಿಹರೆಯವೆಂದು ಕರೆಯಲಾಗುವ ವಯಸ್ಸಿನ ಬಹುಭಾಗ, ಮೂರು ನಾಲ್ಕು ತಲೆಮಾರುಗಳ ಹಿಂದೆ ಇಲ್ಲಿನ ಅನೇಕ ಮನೆಗಳಲ್ಲಿ ಇರಲೇಬಾರದ ಅವಧಿಯಾಗಿತ್ತು. ಇದ್ದಲ್ಲಿಯೂ ಅದನ್ನು ಆದಷ್ಟು ಬೇಗ ಮುಗಿಸಿಬಿಡುವುದೇ ತಂದೆತಾಯಿಯ ಕರ್ತವ್ಯವೆಂದು ತಿಳಿಯಲಾಗಿತ್ತು. ರಾಯಚೂರು ನಗರದ ಕಾಲೇಜುಗಳ ಸುತ್ತ, ಮಾನ್ವಿಯ ಬಸ್ ನಿಲ್ದಾಣದಲ್ಲಿ, ದೇವದುರ್ಗದ ಹತ್ತಿ ಹೊಲಗಳ ಬದುವಿನಲ್ಲಿ ಇಂದು ಹಿರಿಯರ ಆತಂಕಕ್ಕೆ ಕಾರಣವಾಗಿರುವ ಪ್ರೀತಿ, ಆ ಅವಧಿ ಕ್ರಮೇಣ ಉದ್ದವಾದುದರ ಫಲ. ಆದ್ದರಿಂದ ಈ ಸೀಮೆಯ ಹರೆಯದ ಪ್ರೀತಿಯ ಚರಿತ್ರೆಯನ್ನು ಬರೆಯುವುದೆಂದರೆ, ಆ ಕೆಲವು ವರ್ಷಗಳು ಹೇಗೆ ಹುಟ್ಟಿಕೊಂಡವು, ಅವುಗಳ ಕಾವಲು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಬರೆಯುವುದೇ ಆಗುತ್ತದೆ.

ಡೇಟಿಂಗ್ ಎಂಬ ಹೆಸರಿನಿಂದ ಪಟ್ಟಣದ ಯುವಜನರಲ್ಲಿ ಬಳಕೆಗೆ ಬಂದಿರುವ ರೂಢಿ, ಅಂದರೆ ಮದುವೆಯ ಮಾತುಕತೆಯಾಗಲಿ ಹಿರಿಯರ ಮಧ್ಯಸ್ಥಿಕೆಯಾಗಲಿ ಇಲ್ಲದೆ ಹುಡುಗ ಹುಡುಗಿ ಒಬ್ಬರನ್ನೊಬ್ಬರು ಅರಿಯಲೆಂದು ಕೂಡಿ ಹೊತ್ತು ಕಳೆಯುವುದು, ಅಮೆರಿಕದಲ್ಲಿಯೂ ಬಹಳ ಹಳೆಯದೇನಲ್ಲ. ಅಲ್ಲಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ರೌಢಶಾಲೆ, ಮೋಟಾರು ಕಾರು ಮತ್ತು ಚಿತ್ರಮಂದಿರಗಳು ಒಟ್ಟಿಗೆ ಹರಡಿದ ಮೇಲೆಯೇ, ಹುಡುಗಿಯ ಮನೆಯ ಪಡಸಾಲೆಯಲ್ಲಿ ಹಿರಿಯರ ಕಣ್ಣೆದುರು ನಡೆಯುತ್ತಿದ್ದ ಭೇಟಿ ಮನೆಯಿಂದಾಚೆಗೆ ಸರಿಯಿತು. ರಾಯಚೂರು ಸೀಮೆಗೆ ಬಂದರೆ ಇಂಥ ಬದಲಾವಣೆ ಹೆಚ್ಚು ತಡವಾಗಿ ಬಂದುದಷ್ಟೇ ಅಲ್ಲದೆ, ಬಂದ ದಾರಿಯೂ ಬೇರೆಯಾಗಿತ್ತು.

ಆಗ ಈ ಸೀಮೆ ಸೇರಿದ್ದ ನಿಜಾಮನ ಹೈದರಾಬಾದ್ ಸಂಸ್ಥಾನದ ಜಾತಿ ಬುಡಕಟ್ಟುಗಳ ಕುರಿತು ಸೈಯದ್ ಸಿರಾಜುಲ್ ಹಸನ್ ಅವರು ಸಿದ್ಧಪಡಿಸಿ 1920ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಣುವ ಚಿತ್ರ ಇಂದಿನವರ ಕಲ್ಪನೆಗಿಂತ ಜಟಿಲವಾದುದು. ಮೇಲುಜಾತಿಗಳೆನಿಸಿದವರಲ್ಲಿ ಹೆಣ್ಣುಮಗುವಿನ ಲಗ್ನ ಮೈನೆರೆಯುವ ಮೊದಲೇ ಮುಗಿದು, ಅವಳು ಋತುಮತಿಯಾದ ಮೇಲೆ ಪ್ರಸ್ತವೆಂಬ ಶಾಸ್ತ್ರದೊಡನೆ ಗಂಡನ ಮನೆಗೆ ಕಳುಹಿಸುವುದು ನಿಯಮವಾಗಿತ್ತು. ಲಗ್ನವಿಲ್ಲದೆ ನೆರೆದ ಹುಡುಗಿ ಮನೆಯಲ್ಲಿರುವುದು ಮನೆತನಕ್ಕೇ ಕುಂದು. ದುಡಿಯುವ ಜಾತಿಗಳಲ್ಲಿ ಬಾಲ್ಯದ ಮದುವೆಯೂ ಪ್ರಾಯದ ಮದುವೆಯೂ ಜೊತೆಜೊತೆಯಾಗಿ ನಡೆಯುತ್ತಿದ್ದವು. ಅಲ್ಲಿ ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ತೆರ, ಅಂದರೆ ಕನ್ಯಾಶುಲ್ಕ, ಕೊಡುತ್ತಿದ್ದರು. ಗಂಡ ಸತ್ತವಳಿಗೆ ಅಥವಾ ಗಂಡನನ್ನು ಬಿಟ್ಟವಳಿಗೆ ಉಡಿಕೆ ಎಂಬ ಸರಳ ವಿಧಿಯಿಂದ ಮರುಮದುವೆಯಾಗುತ್ತಿತ್ತು. ಸಂಬಂಧ ಮುರಿಯಬೇಕಾದಾಗ ಹಿರಿಯರ ಎದುರು ಸೋಡಚೀಟಿ, ಅಂದರೆ ಬಿಡುಗಡೆಯ ಪತ್ರ, ಬರೆಯುವ ರೂಢಿಯಿತ್ತು. ಮದುವೆಯೆಂದರೆ ಜನ್ಮಕ್ಕೊಮ್ಮೆ ಕಟ್ಟಿದ ಬಿಡಿಸಲಾಗದ ಗಂಟೆಂಬುದು ಈ ಸೀಮೆಯ ಎಲ್ಲರ ಪರಂಪರೆಯೇನೂ ಆಗಿರಲಿಲ್ಲ. ಆ ಭಾವನೆ ಮೇಲ್ಜಾತಿಯ ಮರ್ಯಾದೆಯ ಮಾದರಿಯಾಗಿ, ಹೊಲ ಮನೆ ಕೂಡಿಬಂದ ಕುಟುಂಬಗಳು ಮೇಲೇರುತ್ತ ಹೋದಂತೆ, ಉಳಿದವರಿಗೂ ಹರಡಿತು.

ಇಂಥ ವ್ಯವಸ್ಥೆಯೊಳಗೂ ಹರೆಯಕ್ಕೆ ಒಂದು ಕಿಂಡಿಯಿತ್ತು. ಸೋದರಮಾವ ಅಕ್ಕನ ಮಗಳನ್ನು, ಅತ್ತೆಯ ಮಗ ಮಾವನ ಮಗಳನ್ನು ಲಗ್ನವಾಗುವ ಸೋದರಿಕೆಯ ಸಂಬಂಧ ಈ ಭಾಗದಲ್ಲಿ ಬಲವಾಗಿ ಬೇರೂರಿದ್ದು, ತೊಟ್ಟಿಲಲ್ಲಿಯೇ ಮಾತು ಗಟ್ಟಿಯಾಗುವುದೂ ಉಂಟು. ಹೀಗೆ ವಾವೆ–ವರಸೆಯಲ್ಲಿ, ಅಂದರೆ ಬಂಧುತ್ವದ ಲೆಕ್ಕದಲ್ಲಿ, ಮದುವೆಗೆ ಸಲ್ಲುವ ಹುಡುಗ ಹುಡುಗಿ ಹಬ್ಬ ಹುಣ್ಣಿಮೆಗಳಲ್ಲಿ, ಲಗ್ನದ ಮನೆಯ ಅರಿಶಿನದ ಹೊತ್ತಿನಲ್ಲಿ, ಒಬ್ಬರನ್ನೊಬ್ಬರು ಕೆಣಕುವುದಕ್ಕೆ, ಹೆಸರಿಟ್ಟು ಕರೆಯುವುದಕ್ಕೆ, ಒಡಪು ಹೇಳಿಸಿ ನಗುವುದಕ್ಕೆ ಹಿರಿಯರ ಸಮ್ಮತಿಯೇ ಇತ್ತು. ಅದೇ ಮಾತನ್ನು ವರಸೆಗೆ ಸಲ್ಲದ ಹುಡುಗನೊಬ್ಬ ಆಡಿದರೆ ಬಡಿದಾಟವಾಗುತ್ತಿತ್ತು. ಹರೆಯದ ಸರಸಕ್ಕೆ ಈ ಸಮಾಜ ಪೂರ್ತಿ ಕುರುಡಾಗಿತ್ತೆಂದು ಹೇಳುವವರು ಈ ಸಂಗತಿಯನ್ನು ಮರೆಯುತ್ತಾರೆ. ಸರಸ ಇತ್ತು, ಅದರ ಗಡಿಯನ್ನು ರಕ್ತಸಂಬಂಧ ಗೀಚಿತ್ತು. ಮೊಹರಮ್ಮಿನ ಅಲಾಯಿ ಕುಣಿತ, ಆ ದಿನಗಳಲ್ಲಿ ಹಿಂದೂ ಮುಸ್ಲಿಮರೆನ್ನದೆ ಹುಡುಗರು ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳು, ಊರ ಜಾತ್ರೆ, ದರ್ಗಾದ ಉರುಸು, ತಾಂಡಾಗಳಲ್ಲಿ ಲಂಬಾಣಿಗರ ಹೋಳಿಯ ಹಾಡು, ಇವೆಲ್ಲ ವರುಷದಲ್ಲಿ ಕೆಲವೇ ದಿನಗಳ ಮಟ್ಟಿಗೆ ಆ ಗಡಿಯನ್ನು ಸಡಿಲಿಸುತ್ತಿದ್ದ ಸಂದರ್ಭಗಳಾಗಿದ್ದವು.

ಗಡಿ ದಾಟಿದವರ ವಿಚಾರಣೆ ನಡೆಯುತ್ತಿದ್ದುದು ದೈವದ ಎದುರು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ದೈವವೆಂದರೆ ದೇವರಷ್ಟೇ ಅಲ್ಲದೆ ಊರಿನ ಅಥವಾ ಕುಲದ ಹಿರಿಯರ ಸಭೆಯೂ ಹೌದು. ದಂಡ ಹಾಕುವುದು, ಕುಲದ ಊಟಕ್ಕೆ ಕರೆಯದಿರುವುದು, ಬೆಂಕಿ ನೀರು ಕೊಡದಿರುವುದು, ಪ್ರಾಯಶ್ಚಿತ್ತದ ಊಟ ಹಾಕಿಸಿ ಮತ್ತೆ ಒಳಗೆ ಸೇರಿಸಿಕೊಳ್ಳುವುದು ಅದರ ಕೈಯಲ್ಲಿದ್ದ ಉಪಾಯಗಳು. ಒಂದೇ ಕುಲದೊಳಗಿನ ಓಡಿಹೋಗುವಿಕೆಯಾದರೆ ಬಹುತೇಕ ದಂಡಕ್ಕೇ ಮುಗಿದು ಲಗ್ನದಲ್ಲಿ ನೆಲೆಗೊಳ್ಳುತ್ತಿತ್ತು. ಮೇಲುಕೀಳಿನ ಗೆರೆ ದಾಟಿದ್ದರೆ, ಅದರಲ್ಲಿಯೂ ಹುಡುಗ ಕೆಳಗಿನ ಜಾತಿಯವನಾಗಿದ್ದರೆ, ಮರಳಿ ಬರುವ ದಾರಿ ಇರುತ್ತಿರಲಿಲ್ಲ.

ಈ ಸೀಮೆಯ ಚರಿತ್ರೆಯಲ್ಲಿ ಹರೆಯದ ಹುಡುಗಿಯೊಬ್ಬಳ ಇಷ್ಟಾನಿಷ್ಟ ಪ್ರಸ್ತಾಪಗೊಂಡಿರುವ ಅತ್ಯಂತ ಹಳೆಯ ವಿವರವಾದ ಕಥನಗಳಲ್ಲೊಂದು ಮುದುಗಲ್ಲಿನದು. ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿದ್ದು 17ನೆಯ ಶತಮಾನದ ಆರಂಭದಲ್ಲಿ ಪಾರಸಿ ಭಾಷೆಯಲ್ಲಿ ಚರಿತ್ರೆ ಬರೆದ ಫಿರಿಶ್ತಾ ಹೇಳುವಂತೆ, ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬ ಮುದುಗಲ್ಲಿನ ಅಕ್ಕಸಾಲಿಗನ ಮನೆಯಲ್ಲಿ ತಂಗಿ, ಅವನ ಮಗಳು ಪೆರ್ತಾಲಳ ರೂಪಕ್ಕೂ ಜಾಣತನಕ್ಕೂ ಬೆರಗಾಗಿ, ಅವಳಿಗೆ ಸಂಗೀತ ಕಲಿಸಿ, ಆಮೇಲೆ ವಿಜಯನಗರದ ಒಂದನೆಯ ದೇವರಾಯನ ಆಸ್ಥಾನದಲ್ಲಿ ಅವಳನ್ನು ಹೊಗಳಿದನು. ಅರಸನು ಒಡವೆಗಳೊಡನೆ ಅವನನ್ನೇ ಮರಳಿ ಕಳುಹಿಸಿದಾಗ ತಂದೆತಾಯಿ ಹಿಗ್ಗಿದರು, ಹುಡುಗಿ ಒಪ್ಪಲಿಲ್ಲ. ಅರಮನೆಯ ರಾಣಿವಾಸ ಸೇರಿದವರಿಗೆ ಹೆತ್ತವರ ಮುಖ ಕಾಣುವ ಯೋಗವೂ ಇರುವುದಿಲ್ಲವೆಂಬುದು ಅವಳು ಕೊಟ್ಟ ಕಾರಣ. ಕೊರಳಿಗೆ ಹಾಕಲು ತಂದಿದ್ದ ಹಾರವನ್ನು ಅವಳು ಸ್ವೀಕರಿಸಲಿಲ್ಲ, ಸ್ವೀಕರಿಸಿದ್ದರೆ ಸಂಬಂಧ ಗಟ್ಟಿಯಾದಂತೆ. ಅನಂತರ ದೇವರಾಯನ ಕುದುರೆಪಡೆ ಅವಳನ್ನು ಹೊತ್ತೊಯ್ಯಲು ಮುದುಗಲ್ಲಿನ ಕಡೆ ನುಗ್ಗಿತು. ಅಷ್ಟರಲ್ಲಿ ಆ ಕುಟುಂಬ ಊರು ಬಿಟ್ಟಿತ್ತು. ಪಡೆ ಸುತ್ತಲಿನ ಹಳ್ಳಿಗಳನ್ನು ಸೂರೆಗೈದುದು ನೆಪವಾಗಿ ಬಹಮನಿ ಸುಲ್ತಾನ ಫಿರೋಜ್ ಶಾಹನು 1406ರಲ್ಲಿ ವಿಜಯನಗರದ ಮೇಲೆ ದಂಡೆತ್ತಿ ಹೋದನು. ಸಂಧಿಯ ಕರಾರಿನಂತೆ ದೇವರಾಯನು ಬಂಕಾಪುರದ ಕೋಟೆಯನ್ನೂ ತನ್ನ ಮಗಳನ್ನೂ ಸುಲ್ತಾನನಿಗೆ ಕೊಡಬೇಕಾಯಿತು. ಪೆರ್ತಾಲಳನ್ನು ಕರೆಸಿ ಸುಲ್ತಾನನ ಮಗ ಹಸನ್ ಖಾನನಿಗೆ ಮದುವೆ ಮಾಡಲಾಯಿತು.

ಘಟನೆ ನಡೆದು ಇನ್ನೂರು ವರ್ಷಗಳ ಮೇಲೆ, ಗೆದ್ದವರ ಪಕ್ಷದಿಂದ ಬರೆದ ಈ ಕಥನದಲ್ಲಿ ಎಷ್ಟು ಸತ್ಯ ಎಷ್ಟು ಅಲಂಕಾರವೆಂದು ವಿಂಗಡಿಸುವುದು ಕಷ್ಟ. ದೋಆಬಿನ, ಅಂದರೆ ಎರಡು ನದಿಗಳ ನಡುವಿನ, ಫಲವತ್ತಾದ ನೆಲಕ್ಕಾಗಿ ಎರಡು ರಾಜ್ಯಗಳು ತಲೆತಲಾಂತರ ಕಾದಾಡಿದುದಕ್ಕೆ ಅಕ್ಕಸಾಲಿಗನ ಮಗಳೊಬ್ಬಳು ಕಾರಣವಾಗಬೇಕಾದುದೇನೂ ಇರಲಿಲ್ಲ. ಆದರೆ ಕಥೆಯ ಕಟ್ಟೋಣ ಗಮನಿಸತಕ್ಕದ್ದು: ಹುಡುಗಿಯ ಅಭಿಪ್ರಾಯವನ್ನು ಒಂದೇ ಒಂದು ಬಾರಿ ಕೇಳಲಾಗುತ್ತದೆ, ಅವಳು ಒಲ್ಲೆನೆನ್ನುತ್ತಾಳೆ, ಆ ಮೇಲಿನ ಯಾವ ಹಂತದಲ್ಲಿಯೂ, ಸುಲ್ತಾನನ ಸೊಸೆಯಾಗುವ ಹೊತ್ತಿನಲ್ಲಿಯೂ, ಅವಳು ಏನೆಂದಳೆಂಬುದು ಬರಹದಲ್ಲಿ ಬರುವುದಿಲ್ಲ. ಸಂಧಿಗೆ ಒತ್ತೆಯಾದ ರಾಜಕುವರಿಯ ಮನಸ್ಸಂತೂ ಪ್ರಶ್ನೆಯಾಗಿಯೇ ಕಾಣಿಸಿಕೊಂಡಿಲ್ಲ. ಅರಸುಮನೆತನವಾಗಲಿ ಅಕ್ಕಸಾಲಿಗರ ಮನೆಯಾಗಲಿ, ಹೆಣ್ಣಿನ ಪ್ರಾಯ ಮನೆತನಗಳ ನಡುವಿನ ಲೇವಾದೇವಿಯ ವಸ್ತುವಾಗಿತ್ತು.

ಲಗ್ನದ ಚೌಕಟ್ಟಿನ ಹೊರಗೆ ಹೆಣ್ಣಿನ ಹರೆಯವನ್ನು ವಿಲೇವಾರಿ ಮಾಡುವ ಇನ್ನೊಂದು ಕಟ್ಟಳೆಯೂ ಇಲ್ಲಿ ಬಲವಾಗಿತ್ತು. ಗಂಡು ಸಂತಾನವಿಲ್ಲದ ಮನೆಯವರು, ಹರಕೆ ಹೊತ್ತವರು, ಬಡತನದಿಂದ ಬಸವಳಿದವರು ಮಗಳೊಬ್ಬಳಿಗೆ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿ, ಅಂದರೆ ಕೆಂಪು ಬಿಳಿ ಮಣಿಗಳ ಸರವನ್ನು ಕೊರಳಿಗೆ ಹಾಕಿಸಿ, ಬಸವಿ ಅಥವಾ ದೇವದಾಸಿಯನ್ನಾಗಿ ಬಿಡುತ್ತಿದ್ದರು. ಅವಳು ತಂದೆಯ ಮನೆಯಲ್ಲಿಯೇ ಇದ್ದು ಗಂಡುಮಗನ ಹೊಣೆ ಹೊರುತ್ತಿದ್ದಳು; ಮೈನೆರೆದ ಮೇಲೆ ಊರಿನ ಉಳ್ಳವನೊಬ್ಬನ ಪಾಲಾಗುತ್ತಿದ್ದಳು. ದಲಿತರ ಕೇರಿಗಳ ಮೇಲೆ, ಮುಖ್ಯವಾಗಿ ಮಾದಿಗ ಸಮುದಾಯದ ಮೇಲೆ, ಈ ಪದ್ಧತಿಯ ಭಾರ ಬಿದ್ದುದರಿಂದ, ಮೇಲ್ಕೇರಿಯ ಹುಡುಗಿಯ ಹರೆಯವನ್ನು ಮುಚ್ಚಿಡಲು ಹೆಣಗಿದ ಸಮಾಜವೇ ಕೆಳಗಿನ ಕೇರಿಯ ಹುಡುಗಿಯ ಹರೆಯವನ್ನು ಊರಿಗೆ ಬಿಟ್ಟುಕೊಟ್ಟಿತ್ತೆಂಬುದು ಸ್ಪಷ್ಟವಾಗುತ್ತದೆ. ಕರ್ನಾಟಕ ದೇವದಾಸಿಯರ (ಸಮರ್ಪಣಾ ನಿಷೇಧ) ಅಧಿನಿಯಮ ಬಂದುದು 1982ರಲ್ಲಿ. 1993–94 ಮತ್ತು 2007–08ರಲ್ಲಿ ನಡೆದ ಎರಡು ಸರಕಾರಿ ಸಮೀಕ್ಷೆಗಳಲ್ಲಿ ಒಟ್ಟು 46,660 ಮಹಿಳೆಯರನ್ನು ಗುರುತಿಸಲಾಗಿದ್ದು, ರಾಯಚೂರನ್ನೊಳಗೊಂಡ ಉತ್ತರದ ಜಿಲ್ಲೆಗಳೇ ಅದರ ನೆಲೆ. ಮರ್ಯಾದೆಯೆಂಬುದು ಎಲ್ಲ ಜಾತಿಯ ಹುಡುಗಿಯರಿಗೂ ಒಂದೇ ಅಳತೆಯದಾಗಿತ್ತೆಂಬ ಭ್ರಮೆಗೆ ಈ ಪದ್ಧತಿಯೇ ಉತ್ತರ.

1853ರಲ್ಲಿ ಬ್ರಿಟಿಷರ ಆಡಳಿತಕ್ಕೆ ಹೋಗಿ 1860ರಲ್ಲಿ ನಿಜಾಮನಿಗೆ ಮರಳಿದ ರಾಯಚೂರು, 1871ರಲ್ಲಿ ಮುಂಬಯಿ ಕಡೆಯ ರೈಲುಮಾರ್ಗವೂ ಮದರಾಸಿನ ಮಾರ್ಗವೂ ಕೂಡುವ ನಿಲ್ದಾಣವಾಯಿತು. ಹತ್ತಿಯ ಪೇಟೆ ಬೆಳೆಯಿತು, ಹೊರಗಿನವರು ಬಂದರು. ಆದರೆ ಮನೆಯೊಳಗಿನ ವ್ಯವಸ್ಥೆ ಹಾಗೆಯೇ ಉಳಿಯಿತು. ಸಂಸ್ಥಾನದ ಶಿಕ್ಷಣ ಉರ್ದು ಮಾಧ್ಯಮದಲ್ಲಿದ್ದುದರಿಂದ ಕನ್ನಡ ಮನೆಗಳ ಗಂಡುಮಕ್ಕಳೇ ಶಾಲೆಗೆ ಹೋದದ್ದು ಕಡಿಮೆ, ಹೆಣ್ಣುಮಕ್ಕಳ ಮಾತಂತೂ ದೂರ. ಈ ಹಿನ್ನೆಲೆಯಲ್ಲಿ, ಮಂಗಳೂರಿನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಓದಿ ಬಂದ ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ತೆರೆದುದು ಸಣ್ಣ ಸಂಗತಿಯಲ್ಲ. ಜಾತಿ ಮತಗಳ ಕಟ್ಟನ್ನು ಒಪ್ಪದ ಅವರು ತಾವೂ ತಮಿಳು ಮೂಲದ ಸುಮತಿಬಾಯಿಯವರನ್ನು ಮದುವೆಯಾದರು. ನಿಜಾಮ ಸರಕಾರದ ಕೆಂಗಣ್ಣಿಗೆ ಗುರಿಯಾಗಿ ಸಂಸ್ಥಾನ ಬಿಡಬೇಕಾಗಿ ಬಂದಾಗ ತುಂಗಭದ್ರೆಯ ಆಚೆ ದಡದಲ್ಲಿ ಕಟ್ಟಿದ ಆಶ್ರಮಕ್ಕೆ ಪ್ರೇಮಾಯತನವೆಂದು ಹೆಸರಿಟ್ಟರು. ಅವರ ಹೆಸರಿನ ಶಿಕ್ಷಣ ಸಂಸ್ಥೆ ರಾಯಚೂರಿನಲ್ಲಿ ಇಂದಿಗೂ ಕಾಲೇಜುಗಳನ್ನು ನಡೆಸುತ್ತಿದೆ.

ಕಾನೂನು ಇತ್ತ ತಿರುಗಿದುದು ಬಹಳ ತಡವಾಗಿ. ಮೈಸೂರು ಸಂಸ್ಥಾನ 1894ರಲ್ಲಿಯೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಹೆಣ್ಣಿಗೆ 14, ಗಂಡಿಗೆ 18 ವರ್ಷವೆಂದು ಗೊತ್ತುಪಡಿಸಿದ 1929ರ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ ಅನ್ವಯಿಸುವಂಥದಾದುದರಿಂದ, ತುಂಗಭದ್ರೆಯ ಆಚೆಯ ಬಳ್ಳಾರಿ, ಕರ್ನೂಲು ಸೀಮೆಗಳಲ್ಲಿ ಅಪರಾಧವಾದ ಲಗ್ನ ಈಚೆಯ ಮಾನ್ವಿಯಲ್ಲಿ ಆ ಕಾಯ್ದೆಯ ಕೈಗೆ ಸಿಗುತ್ತಿರಲಿಲ್ಲ. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ಹೈದರಾಬಾದ್ ಭಾರತದಲ್ಲಿ ವಿಲೀನವಾಗಿ, 1949ರ ತಿದ್ದುಪಡಿ ಹೆಣ್ಣಿನ ವಯಸ್ಸನ್ನು 15ಕ್ಕೆ ಏರಿಸಿ, 1955ರ ಹಿಂದೂ ವಿವಾಹ ಅಧಿನಿಯಮ ಅದನ್ನೇ ಸ್ವೀಕರಿಸಿ, 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರಿಗೆ ಸೇರಿದ ಹೊತ್ತಿಗೆ, ಕಾಗದದ ಮೇಲಾದರೂ ಮೈನೆರೆದ ದಿನಕ್ಕೂ ಲಗ್ನಕ್ಕೂ ನಡುವೆ ಒಂದೆರಡು ವರ್ಷಗಳ ಅಂತರ ಕಾಣಿಸಿಕೊಂಡಿತು. 1978ರಲ್ಲಿ ವಯೋಮಿತಿ ಹೆಣ್ಣಿಗೆ 18, ಗಂಡಿಗೆ 21 ಆದಾಗ ಆ ಅಂತರ ಒಮ್ಮೆಲೆ ಐದು ವರ್ಷಗಳ ಆಸುಪಾಸಿಗೆ ಹಿಗ್ಗಿತು.

ಕಾನೂನು ಹಿಗ್ಗಿಸಿದ ಅವಧಿಯನ್ನು ಹಣ ಕುಗ್ಗಿಸಿತೆಂಬುದು ಮಾನ್ವಿ ತಾಲ್ಲೂಕಿನ ಚರಿತ್ರೆಯ ವಿಚಿತ್ರ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯಲಾರಂಭಿಸಿದ ಮೇಲೆ ಕರಾವಳಿ ಆಂಧ್ರದಿಂದ ರೈತರು ಬಂದು ನೆಲೆಸಿ, ಇಂದಿಗೂ ಕ್ಯಾಂಪುಗಳೆಂದೇ ಕರೆಯಲಾಗುವ ಊರುಗಳನ್ನು ಕಟ್ಟಿಕೊಂಡರು. ಜೋಳ ಸಜ್ಜೆಯ ಹೊಲಗಳು ಭತ್ತದ ಗದ್ದೆಗಳಾದವು. ಕೈಯಲ್ಲಿ ಹಣ ಆಡತೊಡಗಿದಂತೆ ತೆರ ಕೊಟ್ಟು ಹೆಣ್ಣು ತರುತ್ತಿದ್ದ ಕುಟುಂಬಗಳೂ ವರದಕ್ಷಿಣೆ ಕೇಳುವ ಸಾಲಿಗೆ ಸೇರಿದವು. ಹುಡುಗಿಯ ವಯಸ್ಸು ಮತ್ತು ಓದು ಏರಿದಷ್ಟೂ ಅವಳಿಗೆ ತಕ್ಕ ವರನ ಬೆಲೆಯೂ ಏರುತ್ತದೆಂಬ ಲೆಕ್ಕ ಹುಟ್ಟಿಕೊಂಡಿದ್ದರಿಂದ, ಹತ್ತನೆಯ ತರಗತಿ ಮುಗಿಸುವಷ್ಟರಲ್ಲಿ ಲಗ್ನ ಮಾಡಿಬಿಡುವುದೇ ಜಾಣತನವೆಂದು ತಂದೆಯಂದಿರಿಗೆ ತೋರಿತು. ದೇವದುರ್ಗದ ಕಥೆ ಬೇರೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದ ಈ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಗುಳೆ ಹೋಗುವುದು, ಅಂದರೆ ದುಡಿಮೆಗಾಗಿ ಬೆಂಗಳೂರು, ಹೈದರಾಬಾದುಗಳಿಗೆ ವಲಸೆ ಹೋಗುವುದು, ರೂಢಿ. ಮುದುಕರ ಹತ್ತಿರ ಬಿಟ್ಟುಹೋಗಬೇಕಾದ ಹರೆಯದ ಮಗಳು ಉಡಿಯಲ್ಲಿ ಕಟ್ಟಿಕೊಂಡ ಕೆಂಡವೆಂದು ತಿಳಿಯುವ ತಾಯಿಗೆ, ಗುಳೆ ಹೋಗುವ ಮುಂಚೆ ಅವಳನ್ನು ತನ್ನ ತಮ್ಮನಿಗೇ ಕೊಟ್ಟು ಧಾರೆಯೆರೆಯುವುದು ಪರಿಹಾರವಾಗಿ ಕಂಡಿತು. ಒಂದು ತಾಲ್ಲೂಕಿನಲ್ಲಿ ನೀರು ಬಂದುದರಿಂದ, ಇನ್ನೊಂದರಲ್ಲಿ ನೀರು ಬಾರದುದರಿಂದ, ಲಗ್ನದ ವಯಸ್ಸು ಕೆಳಗೇ ಉಳಿಯಿತು.

ಹರೆಯಕ್ಕೆ ನಿಜವಾದ ಜಾಗ ದೊರಕಿಸಿದ್ದು ಶಾಲೆ ಮತ್ತು ರಸ್ತೆ. 2011ರ ಜನಗಣತಿಯಲ್ಲಿಯೂ ಜಿಲ್ಲೆಯ ಮಹಿಳೆಯರಲ್ಲಿ ಅಕ್ಷರಸ್ಥರು ಅರ್ಧಕ್ಕಿಂತ ತುಸು ಕಡಿಮೆಯೇ ಇದ್ದರು. ಆದರೂ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು, ಮೊರಾರ್ಜಿ ದೇಸಾಯಿ ವಸತಿಶಾಲೆಗಳು, 2006–07ರಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ದೊರೆಯತೊಡಗಿದ ಸೈಕಲ್ಲು, ಇವು ಮೊದಲ ಬಾರಿಗೆ ಹಳ್ಳಿಯ ಹುಡುಗಿ ಹಳ್ಳಿಯ ಕಣ್ಣಿನಿಂದಾಚೆಗೆ ದಿನದ ಕೆಲವು ಗಂಟೆಗಳನ್ನು ಕಳೆಯುವಂತೆ ಮಾಡಿದವು. ಪಿಯುಸಿಗೆ ಮಾನ್ವಿಗೋ ದೇವದುರ್ಗಕ್ಕೋ, ಪದವಿಗೆ ರಾಯಚೂರಿಗೋ ಹೋಗುವ ಹುಡುಗಿಯರಿಗೆ ಬಸ್ಸೇ ಮನೆ ಮತ್ತು ಕಾಲೇಜುಗಳ ನಡುವಿನ ಮೂರನೆಯ ಲೋಕವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಂಗು ತಪ್ಪಿದ ಮೇಲೆ ಆ ಲೋಕ ಇನ್ನಷ್ಟು ವಿಸ್ತಾರವಾಯಿತು. ಅಕ್ಷರ ಬಾರದ ತಲೆಮಾರಿಗೆ ಪ್ರೇಮಪತ್ರವೆಂಬುದೇ ಇರಲಿಲ್ಲ. ನೋಟುಬುಕ್ಕಿನ ನಡುವೆ ಮಡಚಿಟ್ಟ ಚೀಟಿ ಶಾಲೆಯ ಕೊಡುಗೆ. ಅದರ ಬೆನ್ನಿಗೆ, ಮೊದಮೊದಲ ಮೊಬೈಲುಗಳ ಕಾಲದಲ್ಲಿ, ಕರೆನ್ಸಿ ಖರ್ಚಾಗದಂತೆ ಎರಡು ರಿಂಗಿಗೆ ಕಡಿದುಹಾಕುವ ಮಿಸ್ಡ್ ಕಾಲ್ ಒಂದು ಸಂಕೇತಭಾಷೆಯಾಗಿಯೇ ಬೆಳೆಯಿತು. ಈಗ ವಾಟ್ಸ್ಆ್ಯಪ್ ಇದೆ, ತಂಗಿಯ ಫೋನನ್ನು ರಾತ್ರಿ ತೆರೆದು ನೋಡುವ ಅಣ್ಣನೂ ಇದ್ದಾನೆ.

ಮಾತು ಮತ್ತು ಭಂಗಿಗಳನ್ನು ಒದಗಿಸಿದ್ದು ಸಿನೆಮಾ. ರಾಜ್ ಕಪೂರರ 'ಬಾಬಿ' (1973), ಕೆ. ಬಾಲಚಂದರರ ತೆಲುಗು ಚಿತ್ರ 'ಮರೋ ಚರಿತ್ರ' (1978), ರವಿಚಂದ್ರನ್ನರ 'ಪ್ರೇಮಲೋಕ' (1987), ಇವೆಲ್ಲ ಹರೆಯದವರನ್ನೇ ನಾಯಕ ನಾಯಕಿಯರನ್ನಾಗಿಸಿ ತಂದೆತಾಯಿಯರನ್ನು ಎದುರಾಳಿಗಳನ್ನಾಗಿ ನಿಲ್ಲಿಸಿದ ಚಿತ್ರಗಳು. ಕನ್ನಡ, ತೆಲುಗು, ಹಿಂದಿ ಮೂರನ್ನೂ ಬಲ್ಲ ಗಡಿನಾಡಿನ ಪ್ರೇಕ್ಷಕರಿಗೆ ಮೂರೂ ಭಾಷೆಗಳ ಪಾಠ ಸಿಕ್ಕಿತು. ಸಿನೆಮಾಕ್ಕಿಂತ ಹಳೆಯದಾದ ಇನ್ನೊಂದು ಸೆಲೆಯೂ ಇಲ್ಲಿತ್ತು. ಉರ್ದುವಿನ ಒಡನಾಟದಿಂದ ಗಜಲನ್ನು ಕನ್ನಡಕ್ಕೆ ಒಗ್ಗಿಸಿದ ಶಾಂತರಸರು ರಾಯಚೂರು ಸೀಮೆಯವರೇ ಆಗಿದ್ದು, ಅವರ ಮಗಳು ಎಚ್. ಎಸ್. ಮುಕ್ತಾಯಕ್ಕನವರು ಹೆಣ್ಣಿನ ದನಿಯಲ್ಲಿ ಪ್ರೇಮದ ಗಜಲುಗಳನ್ನು ಬರೆದರು. ಪ್ರೀತಿಗೆ ಇಷ್ಟು ನಯವಾದ ನುಡಿ ಬೆಳೆದ ಊರಿನಲ್ಲಿ ಪ್ರೀತಿಸಿದವರಿಗೆ ಕೂಡಲು ಒಂದು ಬೆಂಚು ಸಿಗುವುದು ಕಷ್ಟವೆಂಬುದು ವಿಪರ್ಯಾಸವೇ ಸರಿ.

ಏಕೆಂದರೆ ದೈವದ ಅಧಿಕಾರ ಸಡಿಲವಾದಂತೆ ಕಾವಲು ಹಲವು ಕೈಗಳಿಗೆ ಹಂಚಿಹೋಯಿತು. ನಾಲ್ಕು ಮಂದಿ ಏನಂದಾರು ಎಂಬ ಭಯ ಊರಿನಿಂದ ಕಾಲೇಜಿಗೆ ಬಂದು, ಉಪನ್ಯಾಸಕರ ಕೋಣೆಯಲ್ಲಿ, ಹಾಸ್ಟೆಲಿನ ಹಾಜರಿ ಪುಸ್ತಕದಲ್ಲಿ, ಸಂಬಂಧಿಕರ ಮೊಬೈಲಿನಲ್ಲಿ ನೆಲೆಸಿತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನ ಮೇಲೆ ಶ್ರೀರಾಮ ಸೇನೆಯವರು ನಡೆಸಿದ ದಾಳಿ ಮತ್ತು ಅದರ ಬೆನ್ನಿಗೇ ಪ್ರೇಮಿಗಳ ದಿನದ ವಿರುದ್ಧ ಹಾಕಿದ ಬೆದರಿಕೆ, ಯಾವ ರಕ್ತಸಂಬಂಧವೂ ಇಲ್ಲದ ಅಪರಿಚಿತರೂ ಹರೆಯದವರ ಕಾವಲಿಗೆ ನಿಲ್ಲಬಹುದೆಂಬುದನ್ನು ರಾಜ್ಯಕ್ಕೆಲ್ಲ ತೋರಿಸಿದವು. ಹಳೆಯ ದೈವಕ್ಕೆ ದಂಡ ಹಾಕಿ ಒಳಗೆ ಸೇರಿಸಿಕೊಳ್ಳುವ ದಾರಿಯಾದರೂ ಗೊತ್ತಿತ್ತು. 2020ರ ಜುಲೈನಲ್ಲಿ ರಾಯಚೂರು ಜಿಲ್ಲೆಯದೇ ಆದ ಸಿಂಧನೂರಿನಲ್ಲಿ ಪ್ರೇಮವಿವಾಹವೊಂದರ ದ್ವೇಷದಿಂದ ಹುಡುಗನ ಕುಟುಂಬದ ಹಲವರನ್ನು ಕೊಂದುದು, ಆ ದಾರಿ ಮುಚ್ಚಿದ ಮೇಲೆ ಮರ್ಯಾದೆಯ ಹೆಸರಿನ ಸಿಟ್ಟು ಎಲ್ಲಿಗೆ ಮುಟ್ಟಬಲ್ಲದೆಂಬುದಕ್ಕೆ ಸಾಕ್ಷಿಯಾಗಿದೆ.

ಈ ಕಾವಲುಗಾರರಲ್ಲಿ ಕೊನೆಯದಾಗಿ ಬಂದ, ಎಲ್ಲರಿಗಿಂತ ಬಲಶಾಲಿಯಾದ ಸಂಸ್ಥೆಯೆಂದರೆ ಪ್ರಭುತ್ವ. 2006ರ ಬಾಲ್ಯವಿವಾಹ ನಿಷೇಧ ಅಧಿನಿಯಮ ಮದುವೆ ಮಾಡಿಸಿದ ಪುರೋಹಿತನನ್ನೂ, ಮುಂದೆ ನಿಂತು ನಡೆಸಿದ ಹಿರಿಯರನ್ನೂ ಶಿಕ್ಷೆಗೆ ಒಳಪಡಿಸಿತು. ಅಕ್ಷಯ ತೃತೀಯವನ್ನು ಹೆಸರಿಸಿ, ಅಂಥ ದಿನಗಳ ಸಾಮೂಹಿಕ ಲಗ್ನಗಳನ್ನು ತಡೆಯುವ ಹೊಣೆಯನ್ನು ಜಿಲ್ಲಾಧಿಕಾರಿಗೆ ವಹಿಸಿತು. ಕರ್ನಾಟಕದಲ್ಲಿ ಈ ಪಿಡುಗಿನ ಅಧ್ಯಯನಕ್ಕಾಗಿ ಹೈಕೋರ್ಟಿನ ಆದೇಶದಂತೆ ರಚಿತವಾಗಿ 2011ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾದ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರು ರಾಯಚೂರು ಜಿಲ್ಲೆಯ ಮಲದಕಲ್ಲಿನಲ್ಲಿ ಹುಟ್ಟಿದವರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿ ನಿವೃತ್ತರಾದ ಅವರಿಗೆ ಈ ನೆಲದ ಲಗ್ನಗಳ ರೀತಿ ಪುಸ್ತಕದಿಂದ ಕಲಿಯಬೇಕಾದ ವಿಷಯವಾಗಿರಲಿಲ್ಲ. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧುವಾಗಬೇಕೆಂಬ ನಿಲುವು 2016ರ ರಾಜ್ಯ ತಿದ್ದುಪಡಿಯಲ್ಲಿ ಕಾನೂನಾಯಿತು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಇತರ ರಾಜ್ಯಗಳಿಗೆ ಮಾದರಿಯೆಂದಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಶೇ. 21ರಷ್ಟು ಜನರಿಗೆ 18 ತುಂಬುವ ಮೊದಲೇ ಲಗ್ನವಾಗಿತ್ತು.

2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ದಶಕಗಳಿಂದ 16 ಇದ್ದ ಸಮ್ಮತಿಯ ವಯಸ್ಸನ್ನು 18ಕ್ಕೇರಿಸಿತು. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಮದ್ದಾಗಿ ಬಂದ ಈ ಕಾಯ್ದೆ ಹಳ್ಳಿಯಲ್ಲಿ ಕೆಲಸ ಮಾಡುವ ಬಗೆಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತಿರದಿಂದ ಕಾಣಬಹುದು. ಬಸುರಿಯಾದವಳಿಗೆ ತಾಯಿ ಕಾರ್ಡು ಮಾಡಿಸಲೆಂದು ಆಶಾ ಕಾರ್ಯಕರ್ತೆ ಕರೆತಂದಾಗ ಆಧಾರದಲ್ಲಿರುವ ಹುಟ್ಟಿದ ದಿನ ಹದಿನೇಳನ್ನು ತೋರಿಸಿದರೆ, ವಿಷಯವನ್ನು ಪೊಲೀಸರಿಗೆ ತಿಳಿಸಲೇಬೇಕಾದ ಹೊಣೆ ವೈದ್ಯರ ಮೇಲಿದೆ. ಆ ಹುಡುಗಿ ತಂದೆತಾಯಿ ಗೊತ್ತುಮಾಡಿದ ಸೋದರಮಾವನನ್ನು ಲಗ್ನವಾದವಳಾಗಿರಬಹುದು, ಬೇರೆ ಜಾತಿಯ ಹುಡುಗನೊಡನೆ ಓಡಿಹೋಗಿ ಬಂದವಳೂ ಆಗಿರಬಹುದು. ಕಾಯ್ದೆಯ ಕಣ್ಣಿಗೆ ಎರಡೂ ಒಂದೇ. ಠಾಣೆಯ ಮೆಟ್ಟಿಲೇರುವುದರಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ಮೊದಲನೆಯ ಬಗೆಯಲ್ಲಿ ಮನೆಯವರೆಲ್ಲ ಸೇರಿ ವಯಸ್ಸನ್ನು ಮುಚ್ಚಿಡುತ್ತಾರೆ, ಶಾಲೆಯ ಟಿ.ಸಿ. ಕಳೆದುಹೋಯಿತೆನ್ನುತ್ತಾರೆ; ಎರಡನೆಯದರಲ್ಲಿ ಹುಡುಗಿಯ ತಂದೆಯೇ ಟಿ.ಸಿ. ಹಿಡಿದುಕೊಂಡು ಬಂದು ಅಪಹರಣದ ದೂರು ಕೊಡುತ್ತಾನೆ. ಹಿಂದೆ ದೈವ ಮಾಡುತ್ತಿದ್ದ ಕೆಲಸವನ್ನು, ಜಾತಿಯ ಮಾತೆತ್ತದೆ, ಕಾನೂನಿನ ಕೈಯಿಂದ ಮಾಡಿಸಿಕೊಳ್ಳುವ ಜಾಣ್ಮೆ ಇದರಲ್ಲಿದೆ.

ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರಿನಲ್ಲಿ ಇಂಥದೇ ಮೇಲ್ಮನವಿಯೊಂದನ್ನು ಇತ್ಯರ್ಥಪಡಿಸುತ್ತ, 16 ದಾಟಿದ ಹುಡುಗಿಯರು ಪ್ರೀತಿಸಿ ಓಡಿಹೋಗುವ ಹಲವು ಪ್ರಕರಣಗಳು ತನ್ನ ಮುಂದೆ ಬರುತ್ತಿರುವುದರಿಂದ ವಯೋಮಿತಿಯ ಕುರಿತು ಕಾನೂನು ಆಯೋಗ ಮರುಚಿಂತನೆ ಮಾಡಬೇಕೆಂದು ಹೇಳಿತು. ಒಂಬತ್ತನೆಯ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡುವ ಏರ್ಪಾಡಾಗಲೆಂದು ಶಿಕ್ಷಣ ಇಲಾಖೆಗೂ ಸೂಚಿಸಿತು. 2023ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ 283ನೆಯ ವರದಿಯಲ್ಲಿ ಆಯೋಗ 18ನ್ನು ಕದಲಿಸಬಾರದೆಂದು ಅಭಿಪ್ರಾಯಪಟ್ಟು, 16ರಿಂದ 18ರ ನಡುವಿನವರ ಒಪ್ಪಿಗೆಯಿದ್ದಂತೆ ಕಾಣುವ ಪ್ರಕರಣಗಳಲ್ಲಿ ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶವಿರಲೆಂದಿತು. ತೀರ್ಪಿನ ಹೊತ್ತಿಗೆ ದೊರೆಯುವ ಈ ವಿವೇಚನೆ, ವಿಚಾರಣೆಯ ಕಾಲದಲ್ಲಿ ಜೈಲಿನಲ್ಲಿರುವ ಇಪ್ಪತ್ತರ ಹುಡುಗನಿಗೂ ಬಾಲಮಂದಿರದಲ್ಲಿರುವ ಹುಡುಗಿಗೂ ಅಷ್ಟಾಗಿ ಒದಗುವಂಥದಲ್ಲ.

ಇಷ್ಟರ ನಡುವೆ, 2021ರ ಡಿಸೆಂಬರಿನಲ್ಲಿ ಹೆಣ್ಣಿನ ಲಗ್ನದ ವಯಸ್ಸನ್ನೂ 21ಕ್ಕೆ ಏರಿಸುವ ಮಸೂದೆಯೊಂದು ಲೋಕಸಭೆಯಲ್ಲಿ ಮಂಡನೆಯಾಗಿ, ಸ್ಥಾಯಿ ಸಮಿತಿಗೆ ಹೋಗಿ, 2024ರಲ್ಲಿ ಆ ಲೋಕಸಭೆಯ ಅವಧಿಯೊಡನೆ ತಾನೂ ಬಿದ್ದುಹೋಯಿತು. ಅದು ಕಾನೂನಾಗಿದ್ದರೆ ಮೈನೆರೆಯುವಿಕೆಗೂ ಲಗ್ನಕ್ಕೂ ನಡುವಿನ ಅಂತರ ಎಂಟು ವರ್ಷಗಳಷ್ಟಾಗುತ್ತಿತ್ತು. ಆ ಎಂಟು ವರ್ಷಗಳನ್ನು ಓದಿನಲ್ಲಿ ಕಳೆಯಬಲ್ಲವಳಿಗೂ, ಹನ್ನೆರಡನೆಯ ವಯಸ್ಸಿಗೇ ಶಾಲೆ ಬಿಟ್ಟು ಹತ್ತಿ ಬಿಡಿಸಲು ಟಂಟಂ ಗಾಡಿ ಹತ್ತುವವಳಿಗೂ ಕಾನೂನು ಒಂದೇ ಆಗಿರುತ್ತಿತ್ತು. ಮೊದಲನೆಯವಳ ಕಾವಲಿಗೆ ವಾರ್ಡನ್ ಇದ್ದಾಳೆ. ಎರಡನೆಯವಳ ವಿಷಯದಲ್ಲಿ ಆ ಕೆಲಸವನ್ನು ದೇವದುರ್ಗದ ಹಳ್ಳಿಗಳಲ್ಲಿ ಈಗಲೂ ಸೋದರಮಾವನೇ ಮಾಡುತ್ತಾನೆ.